ಹೆಸರು ಬಿಟ್ಟು ಹೋಟೆಲು ಹುಡುಕಿದೆ

ಕೊನೆಗೂ ಸಿಕ್ಕಳು. ನ್ಯೂಯಾರ್ಕಿನ ಹಾಡು-ಕುಣಿತದ ರಂಗಪ್ರದರ್ಶನ, 1919ರ ಝೀಗ್‌ಫೆಲ್ಡ್ ಫಾಲೀಸ್‌ನ ಕೋರಸ್ ಹುಡುಗಿ, ಅಂದರೆ ತಾರೆಯರ ಹಿಂದೆ ಗುಂಪಿನಲ್ಲಿ ಹಾಡಿ ಕುಣಿಯುವವಳು. ನನ್ನ ಕೈಲಿದ್ದದ್ದು ಅವಳ ರಂಗನಾಮ ಒಂದೇ. ಮನೆಯವರು ಇರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. "ಕೋರಸ್‌ನವರ ಜಾಡು ಸಿಗಲ್ಲ, ಬರ್ಟ್ ವಿಲಿಯಮ್ಸ್, ಮೆರಿಲಿನ್ ಮಿಲ್ಲರ್ ಅಂಥ ತಾರೆಯರನ್ನು ಹಿಡಿ" ಎಂದು, ಹಳೆಯ ರಂಗಕಲಾವಿದರ ಜಾಡು ಹುಡುಕುವ ಇದೇ ಕೆಲಸದಲ್ಲಿರುವ ಇಬ್ಬರು ಗೆಳೆಯರು ಅಂದಿದ್ದರು. ಸಿಕ್ಕಿತು, ನೋಡಿ.

ಮೊದಲ ಎರಡು ವರ್ಷ ನಾನೂ ಹೆಸರನ್ನೇ ಹುಡುಕಿದೆ. ಹಳೆಯ ಪತ್ರಿಕೆಗಳ ಚಂದಾ, ದಾಖಲೆಗಳ ನಕಲು ಅಂತ ಹತ್ತಿರ ಹತ್ತಿರ 400 ಡಾಲರ್ ಹೋಯಿತು. ತರಿಸಿದ ಮೂರು ಪ್ರಮಾಣಪತ್ರವೂ ಬೇರೆಯವರದು. ಅದೇ ಹೆಸರಿನ ಹೊಲಿಗೆಯವಳೊಬ್ಬಳ ಬೆನ್ನುಹತ್ತಿ ಒಂದಿಡೀ ಚಳಿಗಾಲ ಕಳೆದೆ. 2022ರಲ್ಲಿ ನ್ಯೂಯಾರ್ಕ್ ನಗರದ ಹಳೆಯ ಜನನ, ಮದುವೆ, ಮರಣ ದಾಖಲೆಗಳು ಆನ್‌ಲೈನಿನಲ್ಲಿ ಪುಕ್ಕಟೆ ಸಿಗತೊಡಗಿದವು. ಕಳೆದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಾರಿ ಹೊಳೆದದ್ದು ನಮ್ಮ ಕಂಪನಿ ನಾಟಕದವರಿಂದ. ಕ್ಯಾಂಪು ಬಿದ್ದ ಊರಲ್ಲಿ ಬಿಡಾರವೆಲ್ಲ ಒಂದೇ ಕಡೆ. ಫಾಲೀಸ್ ಕೂಡ ನ್ಯೂ ಆಮ್‌ಸ್ಟರ್‌ಡ್ಯಾಮ್ ಥಿಯೇಟರಿನ ಆಟ ಮುಗಿಸಿ 1919ರ ಡಿಸೆಂಬರಿನಲ್ಲಿ ಪ್ರವಾಸ ಹೊರಟಿತ್ತು. ಅಮೆರಿಕದ ಜನಗಣತಿ ನಡೆದದ್ದು 1920ರ ಜನವರಿಯಲ್ಲಿ! ಗಣತಿಯವರು ಬಂದಾಗ ಇವರು ಯಾವುದೋ ಊರಿನ ಹೋಟೆಲಿನಲ್ಲಿರಬೇಕು.

ಗಣತಿಯ ಹೆಸರುಗಳ ಸೂಚಿ ಮುಚ್ಚಿಟ್ಟೆ. ಪ್ರವಾಸದ ಊರಿನ ಥಿಯೇಟರಿನ ಸುತ್ತಲ ಹೋಟೆಲುಗಳ ಗಣತಿ ಹಾಳೆಗಳನ್ನು ಸಾಲು ಬಿಡದೆ ಓದಿದೆ. ಉದ್ಯೋಗದ ಕಾಲಮ್ಮಿನಲ್ಲಿ ನಟಿ, ನಟಿ, ನಟಿ ಎಂದು ನಾಲ್ಕೈದು ಸಾಲು ಒಟ್ಟಿಗೆ ಬಂದ ಕಡೆ ನಿಂತೆ. 600 ಹಾಳೆ ಇರಬಹುದು, ಹತ್ತು ಹನ್ನೊಂದು ವಾರ ಹಿಡಿಯಿತು, ಖರ್ಚು ಸೊನ್ನೆ. ಯಾವ ಊರು, ಹೋಟೆಲುಗಳನ್ನು ಯಾವ ಲೆಕ್ಕದಲ್ಲಿ ಆರಿಸಿಕೊಂಡೆ ಎಂಬುದನ್ನು ಈಗ ಬಿಟ್ಟುಕೊಡಲಾರೆ. ಇನ್ನಿಬ್ಬರ ಹುಡುಕಾಟ ಅದರ ಮೇಲೇ ನಿಂತಿದೆ.

ಹಾಳೆಯಲ್ಲಿದ್ದದ್ದು ಹುಟ್ಟುಹೆಸರು. ಕೊಂಡಿ ಕೂಡಿಸಿದ್ದು ರಂಗಪತ್ರಿಕೆಯೊಂದರ ಎರಡು ಸಾಲಿನ ಮದುವೆ ಸುದ್ದಿ: ಅವಳ ರಂಗನಾಮ, ಗಂಡನ ಪೂರ್ತಿ ಹೆಸರು. ಗಂಡನನ್ನು ಹಿಡಿದು ನಗರದ ಮದುವೆ ದಾಖಲೆಗೆ ಹೋದೆ. ಅಲ್ಲಿದ್ದ ಹೆಂಡತಿಯ ಹೆಸರೇ ನನ್ನ ಹೋಟೆಲಿನ ಹಾಳೆಯಲ್ಲಿ, ಗೊತ್ತಿದ್ದ ಇಬ್ಬರು ಕೋರಸ್‌ನವರ ನಡುವೆ ಇತ್ತು. ವಯಸ್ಸನ್ನು ನಾಲ್ಕು ವರ್ಷ ಇಳಿಸಿದ್ದಳು. ಆ ರಾತ್ರಿ ನಿದ್ದೆ ಬರಲಿಲ್ಲ.

ನಡುವೆ ಆಲ್ಫ್ರೆಡ್ ಚೀನಿ ಜಾನ್‌ಸ್ಟನ್ ತೆಗೆದ ಫಾಲೀಸ್ ಫೋಟೋಗಳಲ್ಲಿ ಕಿವಿಯ ಆಕಾರ ಹೋಲಿಸಲು ಹೋಗಿ ತಿಂಗಳು ಹಾಳಾಯಿತು. ಕೂದಲು ಕಿವಿ ಮುಚ್ಚಿರುತ್ತದೆ, ಅದನ್ನು ಮಾಡಬೇಡಿ. ಹೆಸರನ್ನು ನಂಬಬಾರದು ಎನ್ನುವುದಕ್ಕೆ ಡೋರಿಸ್ ಈಟನ್ ಸಾಕು: 1918ರ ಫಾಲೀಸ್ ಸೇರಿದಾಗ ಹದಿನಾಲ್ಕು ವರ್ಷ, ಬಾಲಕಾರ್ಮಿಕ ಕಾನೂನಿನ ಕಣ್ಣು ತಪ್ಪಿಸಲು ಲೆವಾಂಟ್ ಎಂಬ ಹೆಸರಿನಲ್ಲಿ ಕುಣಿದರು. 2010ರವರೆಗೆ, 106 ವರ್ಷ ಬದುಕಿದ್ದರು. ಅಂಥವರೇ ಹೆಸರಿನ ಹುಡುಕಾಟದಲ್ಲಿ ತಪ್ಪಿಹೋಗುತ್ತಾರೆ.

ನನ್ನ ಹುಡುಗಿಯ ಮೊಮ್ಮಗಳಿಗೆ ಪತ್ರ ಬರೆದೆ. ಉತ್ತರದೊಂದಿಗೆ ಒಂದು ಫೋಟೋ ಬಂತು: 1919ರ ಆಗಸ್ಟಿನ ನಟರ ಮುಷ್ಕರದಲ್ಲಿ ಹುಟ್ಟಿದ, ಕೋರಸ್‌ನವರ ಸಂಘವಾದ ಕೋರಸ್ ಈಕ್ವಿಟಿಯ ಸದಸ್ಯತ್ವದ ಚೀಟಿ. ತಾಲೀಮಿಗೆ ಸಂಬಳವೇ ಇಲ್ಲದ ಕಾಲದಲ್ಲಿ ಅವಳೂ ಬೀದಿಗಿಳಿದಿದ್ದಳು. ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಎರಡೂ ಹೆಸರು ಬರೆದಿಟ್ಟುಕೊಂಡಿದ್ದಾಳೆ.