ಮಕ್ಕಳ ಪೋಷಣೆಯ ಅಧ್ಯಯನ: ತಾಯಿ ಕಾರ್ಡಿನಿಂದ ಕೋಷ್ಟಕದವರೆಗೆ ನಾವು ಕೆಲಸ ಮಾಡುವ ಕ್ರಮ

ರಾಯಚೂರು, ಕೊಪ್ಪಳ ಸೀಮೆಯ ಅಂಗನವಾಡಿ ಮಕ್ಕಳ ಅಳತೆ ತೆಗೆಯುವಾಗ ನಮಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಮಗು ಹುಟ್ಟಿದ ತಾರೀಖು. ಒಂದು ಹೆಣ್ಣುಮಗು ಮಲಗಿಸಿ ಅಳೆದಾಗ 79.0 ಸೆಂ.ಮೀ. ಇದೆ ಅನ್ನಿ. ವಯಸ್ಸು 21 ತಿಂಗಳಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ಮೈನಸ್ 2ರ ಗೆರೆ, ಅಂದರೆ ಇದಕ್ಕಿಂತ ಕೆಳಗಿದ್ದರೆ ಕುಂಠಿತ ಬೆಳವಣಿಗೆ ಎನ್ನುವ ಗೆರೆ, 77.5ಕ್ಕೆ ಬರುತ್ತದೆ, ಮಗು ಗೆರೆಯ ಮೇಲಿರುತ್ತದೆ. ಅದೇ ಮಗುವಿಗೆ ‘ಎರಡು ವರ್ಷ’ ಎಂದು ಬರೆದುಕೊಂಡರೆ ಗೆರೆ 80.0ಕ್ಕೆ ಏರುತ್ತದೆ, ಮಗು ಕುಂಠಿತ ಬೆಳವಣಿಗೆಯ ಪಟ್ಟಿಗೆ ಸೇರಿಬಿಡುತ್ತದೆ. ಎಷ್ಟೇ ಚೊಕ್ಕವಾಗಿ ಅಳೆದಿದ್ದರೂ ಈ ತಪ್ಪು ಹೋಗುವುದಿಲ್ಲ.

ಅದಕ್ಕೇ ತಾರೀಖಿನ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂಬುದಕ್ಕೂ ಒಂದು ಕಾಲಂ ಇಡುತ್ತೇವೆ: ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರವಾದರೆ 1, ಅಂಗನವಾಡಿ ರಿಜಿಸ್ಟರ್ ಆದರೆ 2, ಆಧಾರ್ ಆದರೆ 3, ತಾಯಿಯ ನೆನಪಾದರೆ 4. ಜನವರಿ 1, ಜೂನ್ 1 ಈ ಎರಡು ತಾರೀಖುಗಳು ರಾಶಿಯಾಗಿ ಬಂದರೆ ಯಾರೋ ಅಂದಾಜಿಗೆ ಬರೆದಿದ್ದಾರೆ ಎಂದೇ ಅರ್ಥ. ವಯಸ್ಸನ್ನು ಎಂದೂ ನೇರವಾಗಿ ಕೇಳಿ ತಿಂಗಳಲ್ಲಿ ತುಂಬಿಸುವುದಿಲ್ಲ. ಹಾಗೆ ತುಂಬಿಸಿದರೆ 12, 24, 36ರ ಮೇಲೆ ಮಕ್ಕಳು ಗುಡ್ಡೆಯಾಗುತ್ತಾರೆ. ಭೇಟಿಯ ತಾರೀಖಿನಲ್ಲಿ ಹುಟ್ಟಿದ ತಾರೀಖು ಕಳೆದು ದಿನಗಳಲ್ಲೇ ಇಟ್ಟುಕೊಳ್ಳುತ್ತೇವೆ. ತಿಂಗಳು ಬೇಕಾದಾಗ 30.4375ರಿಂದ ಭಾಗಿಸಿದರಾಯಿತು.

ಕಾರ್ಡ್ ಇಲ್ಲದ ಮನೆಗಳಿಗೆ ಐದು ವರ್ಷದ ಊರ ಪಂಚಾಂಗವನ್ನು ಮೊದಲೇ ಮಾಡಿಕೊಂಡು ಹೋಗಬೇಕು. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಪಂಚಮಿ, ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ, ಕೊಪ್ಪಳದ ಕಡೆಯಾದರೆ ಗವಿಮಠದ ಜಾತ್ರೆ. ಪ್ರತಿ ವರ್ಷದ ತಾರೀಖನ್ನು ಬೇರೆಬೇರೆ ಬರೆದಿರಬೇಕು. 2022ರಲ್ಲಿ ನಾಗರ ಪಂಚಮಿ ಆಗಸ್ಟ್ 2ಕ್ಕೆ ಬಂದಿತ್ತು. 2023ರಲ್ಲಿ ಅಧಿಕ ಶ್ರಾವಣ ಬಂದು ಆಗಸ್ಟ್ 21ಕ್ಕೆ ಹೋಯಿತು. ಮೊಹರಂ, ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತವೆ. ‘ಪಂಚಮಿ ಅಂದ್ರ ಆಗಸ್ಟ್’ ಎಂದು ಒಂದೇ ತಿಂಗಳು ಹಾಕಿಕೊಂಡರೆ ಪಂಚಾಂಗ ಒಯ್ದದ್ದೇ ವ್ಯರ್ಥ. ‘ಪಂಚಮಿಗಿಂತ ಮೊದಲೋ, ಆಮೇಲೋ? ಜೋಕಾಲಿ ಕಟ್ಟಿದಾಗ ಕೂಸು ಮಡಿಲಾಗಿತ್ತೋ, ಹೊಟ್ಟ್ಯಾಗಿತ್ತೋ?’ ಎಂದು ಕೇಳಿದರೆ ತಾಯಂದಿರು ಹದಿನೈದು ದಿನದೊಳಗೆ ತಾರೀಖು ಹಿಡಿದುಕೊಡುತ್ತಾರೆ. ಆತುರ ಮಾಡಬಾರದು, ಪಕ್ಕದ ಮನೆಯ ಅದೇ ವಯಸ್ಸಿನ ಕೂಸಿನ ಕಾರ್ಡ್ ಜೊತೆಗೂ ಹೋಲಿಸಿ ನೋಡಬೇಕು.

ಅಳತೆಯಲ್ಲಿ ಎರಡು ವರ್ಷದೊಳಗಿನವರನ್ನು ಮಲಗಿಸಿ, ಮೇಲಿನವರನ್ನು ನಿಲ್ಲಿಸಿ ಅಳೆಯುತ್ತೇವೆ. ಕೂಸು ಅತ್ತು ನಿಯಮ ತಪ್ಪಿದರೆ ‘ಮಲಗಿಸಿ’ ಅಥವಾ ‘ನಿಲ್ಲಿಸಿ’ ಎಂದು ನಿಜವಾಗಿ ಮಾಡಿದ್ದನ್ನೇ ನಮೂದಿಸಬೇಕು. ಎರಡಕ್ಕೂ ಇರುವ 0.7 ಸೆಂ.ಮೀ. ವ್ಯತ್ಯಾಸವನ್ನು ಸಾಫ್ಟ್‌ವೇರ್ ಸರಿಮಾಡುತ್ತದೆ, ಆದರೆ ಹೇಳಿದರೆ ಮಾತ್ರ. ಜವಳ ತೆಗೆಸದ ಮಗುವಿನ ಜುಟ್ಟು ಬಿಚ್ಚಿಸಬೇಕು. ಕಾಲ್ಕಡಗ ತೆಗೆಸಲು ಮನೆಯವರು ಒಪ್ಪದಿದ್ದರೆ ಅದನ್ನೂ ಬರೆದಿಡಿ. ಇಬ್ಬರು ಬೇರೆಬೇರೆಯಾಗಿ ಅಳೆದು, ಎತ್ತರದಲ್ಲಿ 7 ಮಿ.ಮೀ., ತೂಕದಲ್ಲಿ 100 ಗ್ರಾಂ, ತೋಳಿನ ಸುತ್ತಳತೆಯಲ್ಲಿ 5 ಮಿ.ಮೀ. ಮೀರಿ ಅಂತರ ಬಂದರೆ ಇಬ್ಬರೂ ಮತ್ತೆ ಅಳೆಯಬೇಕು. ಬೇಸಿಗೆಯಲ್ಲಿ ರಕ್ತ ಪರೀಕ್ಷೆಯೂ ಇದ್ದರೆ ಹಿಮೋಗ್ಲೋಬಿನ್ ಅಳೆಯುವ ಹಿಮೋಕ್ಯೂ 201 ಯಂತ್ರದ ಕ್ಯುವೆಟ್‌ಗಳನ್ನು, ಅಂದರೆ ರಕ್ತದ ಹನಿ ತುಂಬುವ ಪುಟ್ಟ ತುಣುಕುಗಳನ್ನು, 15ರಿಂದ 30 ಡಿಗ್ರಿಯೊಳಗೇ ಇಡಬೇಕು. 40 ದಾಟುವ ರಾಯಚೂರಿನ ಬಿಸಿಲಲ್ಲಿ ಜೀಪಿನೊಳಗೆ ಬಿಟ್ಟ ಡಬ್ಬಿಯನ್ನು ನಂಬಬೇಡಿ.

ತೋಳಿನ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆ ಇದ್ದರೆ, ಇಲ್ಲವೇ ಎರಡೂ ಪಾದಗಳಲ್ಲಿ ಒತ್ತಿದರೆ ಗುಳಿ ಬೀಳುವ ಬಾವು ಇದ್ದರೆ, ಆ ಮಗುವನ್ನು ಅಂದೇ ಆಸ್ಪತ್ರೆಗೆ ಕಳಿಸುತ್ತೇವೆ. ವಿಶ್ಲೇಷಣೆ ಮುಗಿಯುವವರೆಗೆ ಕಾಯುವ ವಿಷಯ ಇದಲ್ಲ.

ಇನ್ನು ಕಂಪ್ಯೂಟರಿನ ಕೆಲಸ. ಅಂಗನವಾಡಿ ಪಟ್ಟಿ ಎಷ್ಟೋ ಸಲ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಕೈಗೆ ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸದೆ ಸೇರಿಸಿದರೆ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಎಕ್ಸೆಲ್‌ನಲ್ಲಿ 03/04/2022 ಒಂದು ಕಂಪ್ಯೂಟರಿನಲ್ಲಿ ಏಪ್ರಿಲ್ 3, ಇನ್ನೊಂದರಲ್ಲಿ ಮಾರ್ಚ್ 4. ಅದಕ್ಕೆ ದಿನ, ತಿಂಗಳು, ವರ್ಷ ಮೂರನ್ನೂ ಬೇರೆ ಕಾಲಂಗಳಲ್ಲಿ ತುಂಬಿಸುತ್ತೇವೆ. ಹೆಸರಿನಿಂದ ಮಗುವನ್ನು ಜೋಡಿಸುವುದಂತೂ ಬೇಡ. ವೆಂಕಪ್ಪ ಒಂದು ಕಡೆ ಯಂಕಪ್ಪ ಆಗಿರುತ್ತಾನೆ, ಹೆಸರಿಡದ ಕೂಸು ‘ಪಾಪು’ ಆಗಿರುತ್ತದೆ, ಒಂದೇ ಊರಲ್ಲಿ ನಾಲ್ಕು ಹುಲಿಗೆಮ್ಮ ಇರುತ್ತಾರೆ. ಹೆರಿಗೆಗೆ ತವರಿಗೆ ಹೋದ ತಾಯಿಯ ಮಗು ಎರಡು ಅಂಗನವಾಡಿಗಳಲ್ಲೂ ದಾಖಲಾಗಿರುವುದುಂಟು. ಊರಿನ ಸಂಕೇತ, ಅಂಗನವಾಡಿ, ಮಗುವಿನ ಕ್ರಮಸಂಖ್ಯೆ, ಕೊನೆಗೊಂದು ತಾಳೆ ಅಂಕಿ (ಉಳಿದ ಅಂಕಿಗಳಿಂದಲೇ ಲೆಕ್ಕ ಹಾಕಿದ್ದು) ಸೇರಿಸಿ ಗುರುತಿನ ಸಂಖ್ಯೆ ಮಾಡುತ್ತೇವೆ. ಒಂದು ಅಂಕಿ ತಪ್ಪಿದರೂ ಫಾರಂ ಅಲ್ಲೇ ನಿಲ್ಲುತ್ತದೆ.

ಸಿಗದ ಅಳತೆಗೆ 99 ಎಂದು ಹಾಕುವ ರೂಢಿಯನ್ನು ನಾವು ಬಿಡಿಸಿದ್ದೇವೆ. ಮಿಲಿಮೀಟರಿನಲ್ಲಿ 99 ಎಂದರೆ ತೀವ್ರ ಅಪೌಷ್ಟಿಕತೆಯ ಮಗುವಿನ ನಿಜವಾದ ತೋಳಿನಳತೆ ಆಗಿರಬಹುದು. ಮನೆಯಲ್ಲಿಲ್ಲ ಎಂಬುದಕ್ಕೆ ಮೈನಸ್ 997, ಒಪ್ಪಲಿಲ್ಲ ಎಂಬುದಕ್ಕೆ ಮೈನಸ್ 998, ಗೊತ್ತಿಲ್ಲ ಎಂಬುದಕ್ಕೆ ಮೈನಸ್ 999. ಮೂರನ್ನೂ ಬೇರೆಯಾಗಿಯೇ ಇಡುತ್ತೇವೆ.

ಪ್ರತಿ ಸಂಜೆ ಜೆಡ್ ಅಂಕ, ಅಂದರೆ ಮಗುವಿನ ಅಳತೆ ಮಾನದಂಡದ ನಡುವಿನಿಂದ ಎಷ್ಟು ಪ್ರಮಾಣ ವಿಚಲನೆಯಷ್ಟು ದೂರವಿದೆ ಎಂಬುದನ್ನು ಲೆಕ್ಕ ಹಾಕುತ್ತೇವೆ, ‘ಆರ್’ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದ ಆಂಥ್ರೊ ಪ್ಯಾಕೇಜ್ ಸಾಕು. ವಯಸ್ಸಿಗೆ ಎತ್ತರ ಮೈನಸ್ 6ರಿಂದ 6ರ ಆಚೆ, ವಯಸ್ಸಿಗೆ ತೂಕ ಮೈನಸ್ 6ರಿಂದ 5ರ ಆಚೆ, ಎತ್ತರಕ್ಕೆ ತೂಕ ಮೈನಸ್ 5ರಿಂದ 5ರ ಆಚೆ ಹೋದರೆ ಅಳಿಸುವುದಿಲ್ಲ. ತಂಡ ಆ ಊರಲ್ಲಿ ಇರುವಾಗಲೇ ಮರುದಿನ ಮತ್ತೆ ಅಳೆಯುತ್ತೇವೆ. ಅಳತೆಗಳ ಕೊನೆಯ ಅಂಕಿಯಲ್ಲಿ 0 ಮತ್ತು 5 ಎರಡೂ ಸೇರಿ ಶೇ. 20ರ ಆಸುಪಾಸು ಇರಬೇಕು. 50ಕ್ಕೆ ಹತ್ತಿರವಾದರೆ ಯಾರೋ ಅಂದಾಜಿಗೆ ಓದುತ್ತಿದ್ದಾರೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವಯಸ್ಸಿಗೆ ಎತ್ತರದ ಸರಾಸರಿ ಮೈನಸ್ 1.5, ಹರವು ಅಂದರೆ ಪ್ರಮಾಣ ವಿಚಲನೆ 1.0 ಇದ್ದರೆ ಮೈನಸ್ 3ಕ್ಕಿಂತ ಕೆಳಗೆ ಬರುವ ಮಕ್ಕಳು ಸುಮಾರು ಶೇ. 7. ಮಕ್ಕಳು ಅವರೇ, ಸರಾಸರಿಯೂ ಅದೇ. ಒಡ್ಡೊಡ್ಡಾಗಿ ಅಳೆದು ಹರವು 1.5 ಆದರೆ ಅದೇ ಲೆಕ್ಕ ಶೇ. 16. ಹಸಿವು ಹೆಚ್ಚದೆಯೇ ವರದಿಯಲ್ಲಿ ತೀವ್ರ ಕುಂಠಿತ ಎರಡು ಪಟ್ಟಾಯಿತು. ಎತ್ತರಕ್ಕೆ ತೂಕದ ಹರವು 1ರ ಸುತ್ತ ನೆಟ್ಟಗಿದ್ದು, ವಯಸ್ಸಿಗೆ ಎತ್ತರದ್ದು ಮಾತ್ರ ಹಿಗ್ಗಿದ್ದರೆ ಮೊದಲು ಹುಟ್ಟಿದ ತಾರೀಖನ್ನೇ ಅನುಮಾನಿಸುತ್ತೇವೆ. ಆಗ ಆ 1ರಿಂದ 4ರ ಕಾಲಂ ಕೆಲಸಕ್ಕೆ ಬರುತ್ತದೆ: ಕಾರ್ಡ್ ಇರುವ ಮಕ್ಕಳದ್ದನ್ನು ಬೇರೆ ಮಾಡಿ ಲೆಕ್ಕ ಹಾಕಿ, ಎರಡನ್ನೂ ವರದಿಯಲ್ಲಿ ಕೊಡುತ್ತೇವೆ.

ಮೂಲ ಕಡತವನ್ನು ಯಾರೂ ಮುಟ್ಟುವಂತಿಲ್ಲ. ತಿದ್ದುಪಡಿಯೆಲ್ಲ ಒಂದು ದಾಖಲೆಯಲ್ಲಿ: ಯಾವ ಮಗು, ಯಾವ ಕಾಲಂ, ಹಳೆಯ ನಮೂದು, ಹೊಸ ನಮೂದು, ಯಾರು, ಯಾವಾಗ, ಯಾಕೆ. ಸ್ಕ್ರಿಪ್ಟ್ ಅದನ್ನು ಓದಿ ಶುದ್ಧ ಕಡತ ತಯಾರಿಸುತ್ತದೆ.

ಗುಳೆ ಹೋದವರ ಲೆಕ್ಕವೇ ಇಲ್ಲಿ ಅತಿ ಕಷ್ಟದ್ದು. ದೇವದುರ್ಗ, ಲಿಂಗಸುಗೂರು, ಕುಷ್ಟಗಿಯಂಥ ಮಳೆ ನಂಬಿದ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿರುತ್ತಾರೆ. ಬೀಗ ಹಾಕಿದ ಮನೆಯ ಮಗು, ಊರಲ್ಲಿ ಉಳಿದ ಮಗು ಒಂದೇ ಅಲ್ಲ. ಅವರನ್ನು ಬಿಟ್ಟು ಪಕ್ಕದ ಮನೆಗೆ ಹೋದರೆ ಅತಿ ಬಡ ಮಕ್ಕಳೇ ಪಟ್ಟಿಯಿಂದ ಉದುರುತ್ತಾರೆ. ಮುಂಗಾರು ಬಿತ್ತನೆಗೆ ಮರಳಿದಾಗ ಒಂದು ಸುತ್ತು ಇಟ್ಟುಕೊಳ್ಳುತ್ತೇವೆ. ಆದರೂ ಸಿಗದವರಿದ್ದರೆ, ಮೊದಲ ಭೇಟಿಯ ಅವರ ಅಳತೆಯನ್ನು ಸಿಕ್ಕವರದ್ದರ ಪಕ್ಕ ಇಟ್ಟು ತೋರಿಸುತ್ತೇವೆ, ಬಳಿಕ ಸಿಗುವ ಸಂಭವ ಕಡಿಮೆ ಇದ್ದೂ ಸಿಕ್ಕ ಮಕ್ಕಳಿಗೆ ಲೆಕ್ಕದಲ್ಲಿ ಹೆಚ್ಚು ಪಾಲು ಬರುವಂತೆ, ಆ ಸಂಭವದ ವಿಲೋಮದಿಂದ ತೂಕ ಕೊಟ್ಟು ಮತ್ತೊಮ್ಮೆ ವಿಶ್ಲೇಷಿಸುತ್ತೇವೆ.

ಒಂದೇ ಅಂಗನವಾಡಿಯ ಮಕ್ಕಳು ಒಂದೇ ನೀರು, ಒಂದೇ ಊಟದವರು. 30 ಅಂಗನವಾಡಿಗಳಿಂದ ತಲಾ 20ರಂತೆ 600 ಮಕ್ಕಳಿದ್ದು, ಗುಂಪಿನೊಳಗಿನ ಹೋಲಿಕೆ 0.05 ಇದ್ದರೆ ವಿನ್ಯಾಸ ಪರಿಣಾಮ, ಅಂದರೆ ಹೀಗೆ ಗುಂಪಾಗಿ ಆರಿಸಿದ್ದರಿಂದ ಮಾದರಿಯ ಬೆಲೆ ಎಷ್ಟು ಪಟ್ಟು ತಗ್ಗುತ್ತದೆ ಎಂಬುದು, 1 ಕೂಡಿಸು 19 ಗುಣಿಸು 0.05, ಅಂದರೆ 1.95. ಆ 600 ಸುಮಾರು 308 ಬಿಡಿ ಮಕ್ಕಳ ಬೆಲೆ ಬಾಳುತ್ತದೆ. ಸಿಂಧನೂರು, ಗಂಗಾವತಿಯ ಕಾಲುವೆ ಊರುಗಳನ್ನೂ ಒಣಬೇಸಾಯದ ಊರುಗಳನ್ನೂ ಮಾದರಿ ಆರಿಸುವಾಗಲೇ ಬೇರೆ ಸ್ತರಗಳಾಗಿ, ಅಂದರೆ ಬೇರೆ ವರ್ಗಗಳಾಗಿ, ಇಡುತ್ತೇವೆ.

ಬಳ್ಳಾರಿಯ ಹಳೆಯ ಅಂಕಿಗಳೊಂದಿಗೆ ಹೋಲಿಸುವವರು ಗಮನಿಸಿ: 2019ರಲ್ಲಿ ಇಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಬಳ್ಳಾರಿಯಲ್ಲಿ ಹೊಸಪೇಟೆ, ಕೂಡ್ಲಿಗಿ ಸೇರಿವೆ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾದ ಮೇಲಿನ ಬಳ್ಳಾರಿಗೆ ಆ ಅಂಕಿ ಹೊಂದುವುದಿಲ್ಲ.

ಕಡತವನ್ನು ಬೇರೆ ಸಂಶೋಧಕರಿಗೆ ಕೊಡುವ ಮೊದಲು ಹೆಸರು, ಫೋನ್ ನಂಬರ್ ತೆಗೆದರೆ ಸಾಲದು. ಸಣ್ಣ ತಾಂಡಾದಲ್ಲಿ ತೀವ್ರ ಅಪೌಷ್ಟಿಕತೆಯ ಮಗು ಒಂದೇ ಇದ್ದರೆ ಊರಿಗೆಲ್ಲ ಅದು ಯಾರ ಮಗು ಎಂದು ಗೊತ್ತು. ಆದ್ದರಿಂದ ಹುಟ್ಟಿದ ತಾರೀಖು ತೆಗೆದು ದಿನಗಳ ವಯಸ್ಸು ಉಳಿಸುತ್ತೇವೆ, ಊರಿನ ಸಂಕೇತವನ್ನು ಯಾದೃಚ್ಛಿಕ ಸಂಖ್ಯೆಗೆ ಬದಲಿಸುತ್ತೇವೆ, ಕೋಷ್ಟಕದಲ್ಲಿ 5ಕ್ಕಿಂತ ಕಡಿಮೆ ಮಕ್ಕಳಿರುವ ಚೌಕಗಳ ಅಂಕಿಯನ್ನು ಮುಚ್ಚುತ್ತೇವೆ. ಹೆಸರಿಗೂ ಸಂಖ್ಯೆಗೂ ನಂಟು ಇರುವ ಪಟ್ಟಿ ಗೂಢಲಿಪಿಯಲ್ಲಿ ಬೇರೆ ಡ್ರೈವ್‌ನಲ್ಲಿರುತ್ತದೆ, ವಾಟ್ಸಾಪ್ ಗುಂಪಿಗೆ ಎಂದೂ ಹೋಗುವುದಿಲ್ಲ.