ಪುಣೆ ಮಳೆಗೆ ಸಣ್ಣ ಕಾರಿನ ಟೈರ್ ಆರಿಸುವುದು ಹೇಗೆ

ಪುಣೆಯಲ್ಲಿ ವಿಂಟರ್ ಟೈರ್ ಬೇಡವೇ ಬೇಡ. ಅದರ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಗೆಂದೇ ಮಾಡಿದ್ದು, ನಮ್ಮ ಬಿಸಿಲಿಗೆ ಸುಮ್ನೆ ಸವೆದುಹೋಗುತ್ತದೆ. ಇಲ್ಲಿ ನೋಡಬೇಕಾದ್ದು ಮಳೆ. ಜುಲೈನಲ್ಲಿ ಬೆಳಗಾವಿ ದಾಟಿ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರಿಗಂತೂ ಇದು ಜೀವದ ಪ್ರಶ್ನೆ. ಗ್ರೂವ್, ಅಂದರೆ ಟೈರಿನ ಮೇಲ್ಮೈಯ ಗೀರುಗಳು, ಅಗಲವಾಗಿ ಆಳವಾಗಿ ಇರುವ ಟೈರನ್ನೇ ತೆಗೆದುಕೊಳ್ಳಿ. ನೀರು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಟೈರ್ ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ, ಆಗ ಬ್ರೇಕೂ ಮಾತು ಕೇಳುವುದಿಲ್ಲ, ಸ್ಟೀರಿಂಗೂ ಕೇಳುವುದಿಲ್ಲ. ಕಾನೂನಿಗೆ ಗ್ರೂವ್ 1.6 ಮಿ.ಮೀ. ಆಳ ಇದ್ದರೆ ಸಾಕು, ನಾನಂತೂ 3ಕ್ಕೇ ಬದಲಿಸಿ ಅನ್ನುತ್ತೇನೆ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ DOT ಎಂದು ಶುರುವಾಗುವ ಕೋಡಿನ ಕೊನೆಯ 4 ಅಂಕಿ ಓದಿ: 2325 ಅಂದರೆ 2025ರ 23ನೇ ವಾರದ ಮಾಲು. ಎರಡೇ ಕೊಳ್ಳುವುದಾದರೆ ಹೊಸದನ್ನು ಹಿಂದೆ ಹಾಕಿಸಿ, ತಿರುವಿನಲ್ಲಿ ಹಿಂಭಾಗ ಜಾರಬಾರದು ಅಲ್ವಾ.