ಕಾಫಿ ಹೊಟ್ಟಿನಿಂದ ಕಾರ್ಬನ್ ಡಾಟ್: ಕಾಲೇಜು ಪ್ರಯೋಗಾಲಯಕ್ಕೊಂದು ಕೈಪಿಡಿ

ರೊಬಸ್ಟಾ ಹಣ್ಣನ್ನು ಕಣದಲ್ಲಿ ಒಣಗಿಸಿ ಹಲ್ಲಿಂಗ್ ಮಾಡಿಸಿದ ಮೇಲೆ ಉಳಿಯುವ ಹೊಟ್ಟು ಕೊಡಗಿನಲ್ಲಿ ಸಾಮಾನ್ಯವಾಗಿ ಗೊಬ್ಬರದ ಗುಂಡಿಗೋ ಒಲೆಗೋ ಹೋಗುತ್ತದೆ. ಅದನ್ನೇ ನೀರಿನೊಂದಿಗೆ ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ, ಹೊಟ್ಟಿನ ಸಕ್ಕರೆ ಮತ್ತು ಪೆಕ್ಟಿನ್ ಒಡೆದು, ನೀರಿನಂಶ ಕಳೆದುಕೊಂಡು, ಮತ್ತೆ ಬೆಸೆದುಕೊಂಡು 10 ನ್ಯಾನೊಮೀಟರ್‌ಗಿಂತ ಚಿಕ್ಕ ಇಂಗಾಲದ ಕಣಗಳಾಗುತ್ತವೆ. ಇವೇ ಕಾರ್ಬನ್ ಡಾಟ್. 2004ರಲ್ಲಿ ಇಂಗಾಲದ ನ್ಯಾನೊ ಕೊಳವೆಗಳನ್ನು ಶುದ್ಧಗೊಳಿಸುವಾಗ ಅನಿರೀಕ್ಷಿತವಾಗಿ ಸಿಕ್ಕಿದ ಈ ಕಣಗಳು ಅತಿನೇರಳೆ ದೀಪದಡಿ ನೀಲಿಯಾಗಿ ಹೊಳೆಯುತ್ತವೆ.

ತಯಾರಿ ಸುಲಭ. ತಯಾರಾದದ್ದು ಕಾರ್ಬನ್ ಡಾಟ್ ಹೌದೋ ಅಲ್ಲವೋ ಎಂದು ತಿಳಿಯುವುದೇ ಕಷ್ಟ. ಕಾಫಿಯಲ್ಲಿ ಮೊದಲೇ ಇರುವ ಕ್ಲೋರೊಜೆನಿಕ್ ಆಮ್ಲವೂ ಅದೇ ದೀಪಕ್ಕೆ ನೀಲಿಯಾಗಿ ಹೊಳೆಯುತ್ತದೆ. ಹಾಗಾಗಿ ಇಲ್ಲಿ ಕಾಯಿಸುವುದಕ್ಕಿಂತ ಶುದ್ಧಗೊಳಿಸುವುದಕ್ಕೇ ಹೆಚ್ಚು ಗಮನ ಕೊಡಬೇಕು.

ಹೊಟ್ಟಿನ ಆಯ್ಕೆ

ಜನವರಿಯಿಂದ ಮಾರ್ಚ್‌ವರೆಗೆ, ಆ ವರ್ಷದ ಹೊಸ ಹೊಟ್ಟನ್ನೇ ತನ್ನಿ. ಮಳೆಗಾಲ ಕಳೆದ ಹೊಟ್ಟಿಗೆ ಬೂಷ್ಟು ಹಿಡಿದಿರುತ್ತದೆ. ಬೂಷ್ಟು ಸಕ್ಕರೆಯನ್ನು ತಿಂದುಹಾಕಿರುತ್ತದೆ, ಪುಡಿ ಮಾಡುವವರ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಮಡಿಕೇರಿ, ಭಾಗಮಂಡಲದ ಕಡೆ ಜೂನ್ ನಂತರ ತೆರೆದ ಚೀಲದಲ್ಲಿಟ್ಟರೆ ಒಣಗಿದ ಹೊಟ್ಟೂ ಕೆಲವೇ ದಿನಗಳಲ್ಲಿ ತೇವ ಎಳೆದುಕೊಳ್ಳುತ್ತದೆ. ಬಿಗಿ ಮುಚ್ಚಳದ ಡ್ರಮ್ಮೇ ಬೇಕು.

ಎರಡನೆಯ ತೊಡಕು ತಾಮ್ರ. ಎಲೆ ತುಕ್ಕು, ಕೊಳೆರೋಗಕ್ಕೆಂದು ಕಾಫಿಗೂ, ಸೊರಗು ರೋಗಕ್ಕೆಂದು ಮೆಣಸಿನ ಬಳ್ಳಿಗೂ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ. ತಾಮ್ರದ ಅಯಾನು ಕಾರ್ಬನ್ ಡಾಟ್‌ಗಳ ಹೊಳಪನ್ನು ಕುಗ್ಗಿಸುತ್ತದೆ. ಒಂದು ಭಾಗ ವಿನೆಗರ್‌ಗೆ ನಾಲ್ಕು ಭಾಗ ಭಟ್ಟಿ ಇಳಿಸಿದ ನೀರು ಬೆರೆಸಿ ಹೊಟ್ಟನ್ನು ಹತ್ತು ನಿಮಿಷ ಅದ್ದಿ, ಭಟ್ಟಿ ನೀರಿನಲ್ಲೇ ಮೂರು ಸಲ ಜಾಲಿಸಿ. ಹೆಚ್ಚು ಹೊತ್ತು ನೆನೆಸಿದರೆ ನಮಗೆ ಬೇಕಾದ ಸಕ್ಕರೆಯೂ ಹೊರಟುಹೋಗುತ್ತದೆ. ವಿನೆಗರ್ ಬದಲು ನಿಂಬೆ ಉಪ್ಪು ಬಳಸಬೇಡಿ. ಅದು ಸಿಟ್ರಿಕ್ ಆಮ್ಲ. ಸ್ವಲ್ಪ ಉಳಿದರೂ ಕಾಯಿಸುವಾಗ ತಾನೇ ಹೊಳೆಯುವ ವಸ್ತುವಾಗಿ ಬದಲಾಗಿ ಫಲಿತಾಂಶವನ್ನು ಕೆಡಿಸುತ್ತದೆ. ಸಿಟ್ರಿಕ್ ಆಮ್ಲ, ಯೂರಿಯಾ ಸೇರಿಸಿ ಹೊಳಪು ಹೆಚ್ಚಿಸುವ ವಿಧಾನಗಳು ಬೇಕಾದಷ್ಟಿವೆ. ಆದರೆ ಅಲ್ಲಿ ಹೊಳೆಯುವುದರಲ್ಲಿ ಬಹುಪಾಲು ಆ ಸೇರಿಸಿದ ರಾಸಾಯನಿಕಗಳದ್ದು, ಹೊಟ್ಟಿನದ್ದಲ್ಲ.

ತೊಳೆದ ಹೊಟ್ಟನ್ನು ಓವನ್‌ನಲ್ಲಿ 80 ಡಿಗ್ರಿಗೆ ರಾತ್ರಿಯಿಡೀ ಒಣಗಿಸಿ. ಒಂದು ಗಂಟೆ ಬಿಟ್ಟು ಮತ್ತೆ ತೂಗಿದಾಗ ತೂಕ ಬದಲಾಗದಿದ್ದರೆ ಒಣಗಿದೆ ಎಂದರ್ಥ. ಮುಖಗವಸು ಹಾಕಿಕೊಂಡು ಮಿಕ್ಸಿಯಲ್ಲಿ ಪುಡಿ ಮಾಡಿ, ಸಣ್ಣ ಜರಡಿಯಲ್ಲಿ ಜರಡಿ ಹಿಡಿಯಿರಿ.

ಕಾಯಿಸುವುದು

100 ಮಿಲಿಲೀಟರ್‌ನ ಟೆಫ್ಲಾನ್ ಒಳಪಾತ್ರೆಯಿರುವ, ಒತ್ತಡ ತಾಳುವ ಬಿಗಿ ಮುಚ್ಚಳದ ಉಕ್ಕಿನ ಆಟೊಕ್ಲೇವ್‌ಗೆ 2 ಗ್ರಾಂ ಪುಡಿ, 60 ಮಿಲಿಲೀಟರ್ ಭಟ್ಟಿ ನೀರು. ಮೂರರಲ್ಲಿ ಎರಡು ಭಾಗಕ್ಕಿಂತ ಮೇಲೆ ತುಂಬಲೇಬಾರದು. ನೀರು ಹಿಗ್ಗಲು ಜಾಗ ಬೇಕು. 180 ಡಿಗ್ರಿಯಲ್ಲಿ ಒಳಗಿನ ಆವಿಯ ಒತ್ತಡ ಸುಮಾರು 10 ಬಾರ್, 200ರಲ್ಲಿ 15 ದಾಟುತ್ತದೆ. ಮನೆಯ ಕುಕ್ಕರ್ 120 ಡಿಗ್ರಿಯ ಆಸುಪಾಸಿಗೆ ನಿಲ್ಲುತ್ತದೆ. ಅದರ ಸೀಟಿ ಬಿಗಿದು ಪ್ರಯತ್ನಿಸುವುದು ಪ್ರಾಣಕ್ಕೆ ಅಪಾಯ, ಖಂಡಿತ ಬೇಡ. ಟೆಫ್ಲಾನ್ 220 ಡಿಗ್ರಿಯ ಹೊತ್ತಿಗೆ ಮೆತ್ತಗಾಗುವುದರಿಂದ 200ರೊಳಗೇ ಇರಿ.

ಓವನ್‌ನ ಫಲಕ 180 ತೋರಿಸಿತೆಂದು ಒಳಗಿನ ನೀರೂ 180 ತಲುಪಿರುವುದಿಲ್ಲ. ದಪ್ಪ ಉಕ್ಕು ಕಾಯಲು ಒಂದು ಗಂಟೆಯಾದರೂ ಬಿಡಿ, ಆಮೇಲೆ 8 ಗಂಟೆ ಲೆಕ್ಕ ಹಾಕಿ. ನಡುವೆ ಕರೆಂಟು ಹೋದರೆ (ಮಳೆಗಾಲದಲ್ಲಿ ಹೋಗಿಯೇ ಹೋಗುತ್ತದೆ) ಪಾತ್ರೆ ತೆರೆಯದೆ ಹಾಗೆಯೇ ಬಿಡಿ. ಕರೆಂಟು ಬಂದ ಮೇಲೆ ಮುಂದುವರಿಸಬಹುದು, ಆದರೆ ಆ ಮಾದರಿಯನ್ನು ಬೇರೆಯದೆಂದು ಗುರುತಿಸಿ, ಉಳಿದವುಗಳೊಂದಿಗೆ ಹೋಲಿಸಬೇಡಿ. ಮುಗಿದ ಮೇಲೆ ಓವನ್‌ನಲ್ಲೇ ರಾತ್ರಿಯಿಡೀ ತಣಿಯಲಿ. ಬಿಸಿ ಪಾತ್ರೆಗೆ ನಲ್ಲಿ ನೀರು ಬಿಡುವುದು, ತಿರುಪು ಸಡಿಲಿಸುವುದು ಎರಡೂ ಅಪಾಯಕಾರಿ. ತಣಿದ ಮೇಲೂ ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲೇ ತೆರೆಯಿರಿ. ಸುಟ್ಟ ಸಕ್ಕರೆಯಂಥ ಆ ಹುಳಿ ವಾಸನೆ ಫರ್‌ಫ್ಯೂರಲ್ ಮುಂತಾದ, ಸಕ್ಕರೆ ಒಡೆದು ಹುಟ್ಟುವ ಆವಿಗಳದ್ದು.

ಶೋಧಿಸುವುದು

ಕಂದು ದ್ರವ, ಕರಿ ಗಷ್ಟು ಸಿಗುತ್ತದೆ. ಸೆಲ್ಯುಲೋಸ್ ಈ ಉಷ್ಣತೆಗೆ ಪೂರ್ತಿ ಒಡೆಯದ ಕಾರಣ ಗಷ್ಟೇ ಹೆಚ್ಚು. ಮೊದಲು ಫಿಲ್ಟರ್ ಪೇಪರ್, ನಂತರ ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ 10,000 ಸುತ್ತಿನಲ್ಲಿ 15 ನಿಮಿಷ, ಕೊನೆಗೆ 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್. 4,000 ಸುತ್ತಿನ ಯಂತ್ರವೇ ಇರುವುದಾದರೆ ಅರ್ಧ ಗಂಟೆ ತಿರುಗಿಸಿ. ಸಿರಿಂಜ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ ಅಷ್ಟೆ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ, ದೀಪ ಹಿಡಿದು, ನೀಲಿ ಕಂಡಿತೆಂದು ವರದಿ ಬರೆಯುತ್ತಾರೆ. ನಿಲ್ಲಿಸಬೇಡಿ. ದ್ರವವನ್ನು 1 ಕಿಲೋಡಾಲ್ಟನ್ ಡಯಾಲಿಸಿಸ್ ಚೀಲಕ್ಕೆ (ಅಣುತೂಕ ಸುಮಾರು 1,000ಕ್ಕಿಂತ ಕಡಿಮೆಯ ಅಣುಗಳನ್ನಷ್ಟೇ ಹೊರಬಿಡುವ ಚೀಲ) ತುಂಬಿ, 500 ಮಿಲಿಲೀಟರ್ ಭಟ್ಟಿ ನೀರಿನಲ್ಲಿ 48 ಗಂಟೆ ಇಡಿ. 2, 6, 12, 24 ಮತ್ತು 36ನೇ ಗಂಟೆಗೆ ನೀರು ಬದಲಿಸಿ, ಪ್ರತಿ ಸಲವೂ ಹೊರಗಿನ ನೀರನ್ನು ಒಂದಿಷ್ಟು ಗಾಜಿನ ಶೀಶೆಯಲ್ಲಿ ತೆಗೆದಿಡಿ. ಕ್ಲೋರೊಜೆನಿಕ್ ಆಮ್ಲದ ಅಣುತೂಕ 354 ಮಾತ್ರ; ಅದು ಚೀಲ ದಾಟಿ ಹೊರಬರುತ್ತದೆ. ಮೊದಮೊದಲ ಶೀಶೆಗಳು 365 ನ್ಯಾನೊಮೀಟರ್ ದೀಪಕ್ಕೆ ಜೋರಾಗಿ ಹೊಳೆಯುವುದು ಸಹಜ. ಕೊನೆಯ ಶೀಶೆ ಮಂಕಾಗಿ, ಚೀಲದೊಳಗಿನ ದ್ರವ ಇನ್ನೂ ಹೊಳೆಯುತ್ತಿದ್ದರೆ ಮುಂದಿನ ಪರೀಕ್ಷೆಗೆ ಅದು ಅರ್ಹ. ಒಳಗೇನೂ ಉಳಿಯದಿದ್ದರೆ ಕಂಡದ್ದೆಲ್ಲ ಸಣ್ಣ ಅಣುಗಳ ಹೊಳಪು.

ಜೊತೆಗೆ ಎರಡು ಹೋಲಿಕೆ ಮಾದರಿಗಳು ಬೇಕೇ ಬೇಕು: ಅದೇ ಪುಡಿಯನ್ನು 60 ಡಿಗ್ರಿ ನೀರಿನಲ್ಲಿ ಬರಿದೆ ನೆನೆಸಿ ಸೋಸಿದ್ದು (ಕಾಫಿಯಲ್ಲಿ ಮೊದಲೇ ಇದ್ದ ಹೊಳಪು ತಿಳಿಯಲು), ಮತ್ತು ಆಟೊಕ್ಲೇವ್‌ನಲ್ಲಿ ಬರೀ ನೀರು ಕಾಯಿಸಿದ್ದು. ಟೆಫ್ಲಾನ್ ಹಿಂದಿನ ಸಲದ ಅಂಶವನ್ನು ಹಿಡಿದಿಟ್ಟುಕೊಂಡಿದ್ದರೆ ಎರಡನೆಯದರಲ್ಲಿ ಗೊತ್ತಾಗುತ್ತದೆ. ಟಿಶ್ಯೂ ಪೇಪರ್, ಬಿಳಿ ಬಟ್ಟೆ ಕೂಡ ನೀಲಿ ಹೊಳೆಯುವುದರಿಂದ ಕಪ್ಪು ಹಿನ್ನೆಲೆಯಲ್ಲೇ ನೋಡಿ.

ಹೊಳಪು ತೀರಾ ಕಡಿಮೆ ಕಂಡರೆ ಮೊದಲು ದ್ರವವನ್ನು ತೆಳುಗೊಳಿಸಿ. ಗಾಢ ದ್ರವ ತನ್ನ ಬೆಳಕನ್ನು ತಾನೇ ಹೀರಿಕೊಳ್ಳುತ್ತದೆ. ಅಳತೆಗೆ ಅಬ್ಸಾರ್ಬೆನ್ಸ್ (ದ್ರವ ಬೆಳಕನ್ನು ಹೀರುವ ಪ್ರಮಾಣ) 0.1ಕ್ಕಿಂತ ಕೆಳಗಿರಬೇಕು. ಆಗಲೂ ಮಂಕಾಗಿದ್ದರೆ, ಎಲ್ಲಾದರೂ ಭಟ್ಟಿ ನೀರಿನ ಬದಲು ಬಾವಿ ನೀರು ಸೇರಿತೇ ಎಂದು ಅನುಮಾನಿಸಿ: ಕೆಂಪು ಮಣ್ಣಿನ ನಮ್ಮ ಬಾವಿಗಳ ನೀರಿನಲ್ಲಿ ಕಬ್ಬಿಣವಿರಬಹುದು, ಫೆರಿಕ್ ಅಯಾನು ತಾಮ್ರದಂತೆಯೇ ಹೊಳಪು ಕೊಲ್ಲುತ್ತದೆ.

ಕಣದ ಗಾತ್ರ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆಗೆ ಮಾದರಿ ಕಳಿಸುವ ಮುನ್ನ ಮೇಲಿನ ಹೋಲಿಕೆ ಮುಗಿಸಿದರೆ ಶುಲ್ಕ ವ್ಯರ್ಥವಾಗದು. ದ್ರವವನ್ನು ಕಂದು ಶೀಶೆಯಲ್ಲಿ 4 ಡಿಗ್ರಿಯಲ್ಲಿಡಿ. ತಳದಲ್ಲಿ ಗಸಿ ಕಂಡರೆ ಮತ್ತೆ ಸೋಸಿ, ಮತ್ತೆ ಅಳೆಯಿರಿ. ಕರಿ ಗಷ್ಟನ್ನು ನೇರ ನರ್ಸರಿ ಬುಟ್ಟಿಗೆ ಹಾಕಬೇಡಿ. ಅದರಲ್ಲಿ ಅಂಟಿಕೊಂಡ ಫೀನಾಲ್ ಬಗೆಯ ವಸ್ತುಗಳು ಮೊಳಕೆಯನ್ನು ತಡೆಯಬಲ್ಲವು. ಗೊಬ್ಬರದ ಗುಂಡಿಯಲ್ಲಿ ಕಳಿತ ಮೇಲೆ ಬಳಸಿ.